ಬೆಲ್ಲದ ಗುರುತು

ಗುರುನಾಥರಿಗೆ ಸಿಟ್ಟು ಬಂದರೆ ಬಾಯಿಂದ ಹೊರಡುವ ಮಾತು ಒಂದೇ: "ಎಲ್ಲಾ ರದ್ದು." ಬಸವಕಲ್ಯಾಣದ ಕೋಟೆ ಕಡೆಗೆ ಹೋಗುವ ರಸ್ತೆಯಲ್ಲಿ ಅವರ ಪಾತ್ರೆ ಅಂಗಡಿ. ಗಿರಾಕಿ ಕೊಡ ಆರಿಸಿ, ತಾಟು ಆರಿಸಿ, ತಂಬಿಗೆ ಆರಿಸಿ, ಕೊನೆಗೆ ಒಂದು ಸೌಟಿನ ಹಿಡಿಕೆ ಸೊಟ್ಟಗಿದೆ ಎಂದನೋ, ಮುಗಿಯಿತು. ಸೌಟಿನ ಜೊತೆಗೆ ಕೊಡ, ತಾಟು, ತಂಬಿಗೆ ಎಲ್ಲವೂ ಮತ್ತೆ ಅಟ್ಟ ಏರುತ್ತಿದ್ದವು. ಊರಿನವರಿಗೆ ಇದು ಗೊತ್ತು. ಅವರು ಹೊರಗೆ ಹೋಗಿ ಒಂದು ಚಹಾ ಕುಡಿದು ಬರುತ್ತಿದ್ದರು. ಗುರುನಾಥರೂ ಏನೂ ಆಗದವರ ಹಾಗೆ ಮತ್ತೆ ಕೊಡದಿಂದ ಶುರು ಮಾಡುತ್ತಿದ್ದರು. ಪಾತ್ರೆ ವ್ಯಾಪಾರಕ್ಕೆ ಇದು ನಡೆಯುತ್ತದೆ. ಮಗಳ ಮದುವೆಯ ಮಾತಿಗೂ ಇದೇ ಹಟ ಹಿಡಿದರೆ ಆ ಮಗಳ ಗತಿ ಏನಾಗಬೇಕು, ನೀವೇ ಹೇಳಿ.

ಆ ಮಗಳು ಮನೀಷಾ. ಗುಲಬರ್ಗಾದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಬಂದವಳು. ದಿನಾ ಬೆಳಿಗ್ಗೆ ಕೆಂಪು ಬಸ್ಸು ಹಿಡಿದು ಹುಮನಾಬಾದಿಗೆ ಹೋಗಿ, ಬಸವಣಪ್ಪನವರ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸ ಮಾಡಿ, ಸಂಜೆ ಮರಳುತ್ತಿದ್ದಳು. ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಹೈದರಾಬಾದ್ ರಸ್ತೆಯ ಆ ಸಾಲಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡ ಆಫೀಸು ಅದೊಂದೇ. ಪಾರ್ಸೆಲ್ ಬುಕ್ ಮಾಡಲು ಬಂದವರು ಒಂದು ನಿಮಿಷ ಅದರ ಪರದೆಗೆ ಇಣುಕಿಯೇ ಹೋಗುತ್ತಿದ್ದರು. ಅದರೊಳಗಿನ ಲೆಕ್ಕಾಚಾರವನ್ನೆಲ್ಲ ಮನೀಷಾ ತಾನೇ ಬರೆದಿದ್ದಳು. ಆ ಬಗ್ಗೆ ಅವಳಿಗೆ ಜಂಬವೂ ಇತ್ತು, ಇರಲೇಬೇಕಲ್ಲ.

ಬಸವಣಪ್ಪನವರ ಅಕ್ಕ ಕಸ್ತೂರಿಬಾಯಿ ಹುಮನಾಬಾದಿನ ಪಕ್ಕದ ಮಾಣಿಕನಗರದವರು. ಅವರ ಮಗ ಸತೀಶಕುಮಾರನದು ಅಲ್ಲೇ ಒಂದು ಝೆರಾಕ್ಸ್ ಅಂಗಡಿ. ಆಫೀಸಿನ ಪ್ರಿಂಟರಿಗೆ ಕಾಗದ ಕೊಡುವವನು ಅವನೇ. ಕಾಗದ ಮುಗಿಯುವ ಮೊದಲೇ ತಂದುಕೊಡುವ ಹುಡುಗ ಈ ಲೋಕದಲ್ಲಿ ಅಪರೂಪ. ಇವನಂತೂ ಅರ್ಧ ಕಟ್ಟು ಉಳಿದಿರುವಾಗಲೇ ಇನ್ನೊಂದು ಕಟ್ಟು ಹೊತ್ತು ಬಾಗಿಲಲ್ಲಿ ನಿಲ್ಲುತ್ತಿದ್ದ. ಬಸವಣಪ್ಪನವರು ಕಣ್ಣಿದ್ದವರು, ತಾವೇ ಮುಂದಾಗಿ ಗುರುನಾಥರ ಮನೆಗೆ ಮಾತು ಕಳಿಸಿದರು. ಹುಡುಗ ಹುಡುಗಿ ಒಳಗೊಳಗೇ ಒಪ್ಪಿಕೊಂಡಿದ್ದು ಮನೀಷಾಳ ಅಜ್ಜಿ ಸುಂದರಬಾಯಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಮಾತು ಎರಡು ಸಲ ಕೂತಿತು, ಎರಡು ಸಲವೂ ಅಟ್ಟ ಏರಿತು. ಮೊದಲ ಸಲ ಮದುವೆ ಎಲ್ಲಿ ಎಂಬುದು ಬಗೆಹರಿದು, ಊಟ ಏನು ಎಂಬುದು ಬಗೆಹರಿದು, ಬ್ಯಾಂಡು ಯಾವ ಊರಿನದು ಎಂಬಲ್ಲಿ ಕಿಡಿ ಹೊತ್ತಿತು. "ಎಲ್ಲಾ ರದ್ದು" ಎಂದು ಗುರುನಾಥರು ಎದ್ದರು. ಎರಡನೆಯ ಸಲ ಕೂತಾಗ ಹಿಂದೆ ಬಗೆಹರಿದದ್ದೂ ರದ್ದಾಗಿತ್ತಲ್ಲ, ಮತ್ತೆ ಮದುವೆ ಎಲ್ಲಿ ಎಂಬಲ್ಲಿಂದಲೇ ಶುರು. ಮಧ್ಯಾಹ್ನವೆಲ್ಲ ಅದೇ ರಾಮಾಯಣ ನಡೆದು, ಕೊನೆಗೆ ಲಗ್ನಪತ್ರಿಕೆಯಲ್ಲಿ ಯಾರ ಹೆಸರು ದಪ್ಪ ಅಕ್ಷರದಲ್ಲಿ ಎಂಬ ಮಾತು ಬಂತು. ಮತ್ತೆ ರದ್ದು. ಕಸ್ತೂರಿಬಾಯಿ ಮುಖ ಊದಿಸಿಕೊಂಡು ಜೀಪು ಹತ್ತಿದರು. ಸತೀಶಕುಮಾರ ಎರಡೂ ಸಲ ಚಾಪೆಯ ಕಡ್ಡಿ ಎಣಿಸುತ್ತ ಕೂತಿದ್ದನೇ ಹೊರತು ತುಟಿ ಪಿಟಕ್ಕೆನ್ನಲಿಲ್ಲ. ಹಿರಿಯರು ಕೂತಲ್ಲಿ ಹುಡುಗ ಮಾತಾಡಿದರೆ ಚೆನ್ನಾಗಿರುವುದಿಲ್ಲವಂತೆ.

ಮೂರನೆಯ ಬೈಠಕ್ ಬರುವ ಭಾನುವಾರ ಎಂದು ಗೊತ್ತಾಯಿತು. ಈ ಸಲವೂ ಮುರಿದರೆ ಲಾತೂರಿನ ಸಂಬಂಧಕ್ಕೆ ಹೂಂ ಎಂದುಬಿಡುತ್ತೇನೆ, ಇನ್ನು ನನ್ನಿಂದಾಗದು ಎಂದು ಗುರುನಾಥರು ಊಟಕ್ಕೆ ಕೂತಾಗ ಹೇಳಿದರು. ಲಾತೂರಿನ ಹುಡುಗನಿಗೆ ಸಿಮೆಂಟ್ ಏಜೆನ್ಸಿ ಇತ್ತು, ಒಳ್ಳೆಯ ಮನೆತನ, ಕೊಂಕು ತೆಗೆಯುವಂಥದ್ದೇನೂ ಇರಲಿಲ್ಲ. ಆದರೆ ಅವನು ಸತೀಶಕುಮಾರ ಅಲ್ಲ. ಅಷ್ಟು ಕೇಳಿ ಮನೀಷಾ ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದಳು.

ಈಗ ಆಫೀಸಿನ ಕಥೆ ಹೇಳಬೇಕು. ಅದು ಹೇಳದಿದ್ದರೆ ಭಾನುವಾರದ ಕಥೆ ತಿಳಿಯುವುದಿಲ್ಲ.

ಹುಮನಾಬಾದಿನಿಂದ ಹೊರಡುವ ಲಾರಿ ರಾಜೇಶ್ವರಕ್ಕೆ ಹೋಗಿ, ಬಸವಕಲ್ಯಾಣಕ್ಕೆ, ಊರಿನವರ ಬಾಯಲ್ಲಿ ಬರೀ ಕಲ್ಯಾಣಕ್ಕೆ, ಹೋಗಿ, ನಾರಾಯಣಪುರ ಮುಟ್ಟಿ ಬರುತ್ತಿತ್ತು. ಯಾವ ಊರಿಗೆ ಯಾರ ಪಾರ್ಸೆಲ್ ಎಂದು ಒಂದೊಂದಾಗಿ ಕಂಪ್ಯೂಟರಿಗೆ ಹಾಕುವವರು ಬುಕಿಂಗ್ ಗುಮಾಸ್ತ ಮೊಹಿನುದ್ದೀನ್ ಚಾಚಾ. ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು, ಆದರೆ ಆ ಎರಡು ಬೆರಳು ಗಡಿಯಾರದ ಹಾಗೆ ನಡೆಯುತ್ತಿದ್ದವು. ಒಮ್ಮೆ ಅರ್ಧ ಲಾರಿಯ ಪಟ್ಟಿ ಮಾತ್ರ ಉಳಿದು, ಉಳಿದರ್ಧ ಪಾರ್ಸೆಲ್ಲುಗಳು ಅಪ್ಪ ಅಮ್ಮ ಇಲ್ಲದವರ ಹಾಗೆ ನಾರಾಯಣಪುರದ ಗುಡಿಯ ಮುಂದೆ ಇಳಿದಿದ್ದವು. ಅಂದಿನಿಂದ ಮನೀಷಾ ಒಂದು ಕಟ್ಟುನಿಟ್ಟು ಮಾಡಿದ್ದಳು. ಒಂದು ಲಾರಿ ಎಂದರೆ ಒಂದು ಟ್ರಾನ್ಸಾಕ್ಷನ್. ಉಳಿದರೆ ಇಡೀ ಪಟ್ಟಿ ಉಳಿಯಬೇಕು, ಇಲ್ಲವಾದರೆ ಒಂದಕ್ಷರವೂ ಉಳಿಯಬಾರದು. ಎಲ್ಲ ತುಂಬಿದ ಮೇಲೆ ಕೊನೆಯ ಕೀಲಿ ಒತ್ತಿದರೆ ಕಮಿಟ್, ಅಂದರೆ ಖಾಯಂ. ನಡುವೆ ಎಡವಿದರೆ ರೋಲ್‌ಬ್ಯಾಕ್, ಅಂದರೆ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ಸು.

ಒಂದು ದಿನ ನಾರಾಯಣಪುರದ ಕೊನೆಯ ಪಾರ್ಸೆಲ್ಲಾಗಿ ಹಿಟ್ಟಿನ ಗಿರಣಿಯ ಕಲ್ಲು ಬಂತು. ಚಾಚಾ ಅದರ ತೂಕ ಹಾಕಿದ್ದೇ ತಡ, ಲಾರಿಗೆ ಭಾರ ಮೀರಿತು ಎಂದು ಕಂಪ್ಯೂಟರ್ ಕುಂಯ್‌ಗುಟ್ಟಿ, ರಾಜೇಶ್ವರದ ಮೊದಲ ಡಬ್ಬಿಯಿಂದ ಹಿಡಿದು ಎಲ್ಲವನ್ನೂ ಅಳಿಸಿ ಹಾಕಿತು. ಬೆಳಗಿನಿಂದ ಟೈಪ್ ಮಾಡಿದ್ದು ಗಾಳಿಗೆ ಹೋಯಿತು. ಚಾಚಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬೈಯಲೂ ಇಲ್ಲ, ಸುಮ್ಮನೆ ಕೇಳಿದರು.

"ಬೇಟಿ, ಒಂದು ಕಲ್ಲಿನ ಸಲುವಾಗಿ ಇಡೀ ಲಾರಿ ಖಾಲಿ ಮಾಡ್ತದೇನ ಇದು?"

ಮನೀಷಾಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಕೊಡ, ತಾಟು, ತಂಬಿಗೆ ಎಲ್ಲ ಅಟ್ಟ ಏರುವುದು ಅವಳ ಕಣ್ಣ ಮುಂದೆ ಬಂತು. ಮನೆಯಲ್ಲೊಬ್ಬ ಗುರುನಾಥ ಇದ್ದದ್ದು ಸಾಲದೆ ಆಫೀಸಿನಲ್ಲೂ ಒಬ್ಬನನ್ನು ತಾನೇ ಕೈಯಾರೆ ಮಾಡಿ ಕೂರಿಸಿದ್ದಳಲ್ಲ! ಅಂದೇ ದಪ್ಪ ಪುಸ್ತಕ ತೆಗೆದು ಹುಡುಕಿದಳು. ಅದರಲ್ಲಿ ಸೇವ್‌ಪಾಯಿಂಟ್ ಎಂಬುದೊಂದು ಸಿಕ್ಕಿತು. ಟ್ರಾನ್ಸಾಕ್ಷನ್ ನಡೆಯುತ್ತಿರುವಾಗಲೇ ನಡುನಡುವೆ ಗುರುತು ಹಾಕಿಕೊಳ್ಳುವುದು. ಮುಂದೆ ಎಡವಿದರೆ ಬುಡದ ತನಕ ಹೋಗಬೇಕಿಲ್ಲ, ಆ ಗುರುತಿನ ತನಕ ಹಿಂದೆ ಸರಿದರೆ ಸಾಕು. ಗುರುತಿನ ಹಿಂದಿನದು ಹಾಗೇ ಇರುತ್ತದೆ. ಮನೀಷಾ ಪ್ರತಿ ಊರಿನ ಪಾರ್ಸೆಲ್ ಮುಗಿದ ಕೂಡಲೇ ಒಂದು ಗುರುತು ಬೀಳುವ ಹಾಗೆ ಮಾಡಿದಳು. ಮರುದಿನ ಇನ್ನೊಂದು ಭಾರದ ಪಾರ್ಸೆಲ್ ಬಂದು ಕಂಪ್ಯೂಟರ್ ಕುಂಯ್‌ಗುಟ್ಟಿದಾಗ ನಾರಾಯಣಪುರದ್ದಷ್ಟೇ ಅಳಿಯಿತು. ರಾಜೇಶ್ವರ, ಕಲ್ಯಾಣ ಕದಲದೆ ಕೂತಿದ್ದವು. ಚಾಚಾ ಆಫೀಸಿಗೆಲ್ಲ ಜಿಲೇಬಿ ತರಿಸಿದರು.

ಹೊಸ ಆಟಿಕೆ ಸಿಕ್ಕರೆ ಪೆಟ್ಟೂ ಬೀಳುತ್ತದೆ. ರಾಜೇಶ್ವರದ ಪಟ್ಟಿಯಲ್ಲಿ ಒಂದು ಹೆಸರು ತಪ್ಪಾಗಿದೆ ಎಂದು ಚಾಚಾ ಒಮ್ಮೆ ಸೀದಾ ಮೊದಲ ಗುರುತಿಗೆ ಹಾರಿದರು. ಹಾರಿದ್ದು ಸರಿ, ಆದರೆ ಅದರ ಮುಂದಿನದೆಲ್ಲ ಮಾಯ. ಕಲ್ಯಾಣದ ಪಾರ್ಸೆಲ್ಲೂ ಇಲ್ಲ, ಕಲ್ಯಾಣದ ಗುರುತೂ ಇಲ್ಲ. ಹಳೆಯ ಗುರುತಿಗೆ ಹೋದರೆ ಆಮೇಲೆ ಹಾಕಿದ ಗುರುತುಗಳು ಉಳಿಯುವುದಿಲ್ಲ ಎಂದು ಮನೀಷಾ ಹೇಳಿಕೊಟ್ಟಳು. ಇನ್ನೊಂದು ದಿನ ಗುರುತು ಬಿದ್ದಿದೆಯಲ್ಲ, ಇನ್ನೇನು ಚಿಂತೆ ಎಂದು ಕೊನೆಯ ಕೀಲಿ ಒತ್ತದೆಯೇ ಚಾಚಾ ನಮಾಜಿಗೆ ಹೋದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಬ್ಯಾಟರಿ ಹಳೆಯದು, ಅದೂ ಕೈಕೊಟ್ಟಿತು. ಕರೆಂಟ್ ಬಂದ ಮೇಲೆ ನೋಡಿದರೆ ಗುರುತುಗಳೂ ಇಲ್ಲ, ಪಾರ್ಸೆಲ್ಲುಗಳೂ ಇಲ್ಲ, ಪರದೆ ತೊಳೆದಿಟ್ಟ ತಾಟಿನ ಹಾಗಿತ್ತು. ಗುರುತು ನಡುದಾರಿಯ ಆಸರೆ ಮಾತ್ರ, ಕೊನೆಯ ಕೀಲಿ ಒತ್ತುವ ತನಕ ಯಾವುದೂ ಖಾಯಂ ಅಲ್ಲ ಎಂದು ಅಂದು ಎಲ್ಲರಿಗೂ ಮನದಟ್ಟಾಯಿತು.

ಆ ಕೊನೆಯ ಕೀಲಿಗೂ ಒಂದು ಪದ್ಧತಿ ಬೆಳೆದಿತ್ತು. ಹಿಂದೆ ಒಂದು ಸಲ ಪಟ್ಟಿಯನ್ನು ಖಾಯಂ ಮಾಡಿ ಕಾಗದ ಹೊಡೆದು ಹೊರಗೆ ಬಂದು ನೋಡಿದರೆ ಡ್ರೈವರ್ ಮಹೆಬೂಬ ಚಳಿಜ್ವರ ಬಂದು ಲಾರಿಯ ಕೆಳಗೆ ಕಂಬಳಿ ಹೊದ್ದು ಮಲಗಿದ್ದ. ಅವನನ್ನು ಯಾರೂ ಕೇಳಿಯೇ ಇರಲಿಲ್ಲ. ಅಂದಿನಿಂದ ಬಸವಣಪ್ಪನವರದು ಒಂದೇ ಕಾನೂನು. ಎಷ್ಟೇ ಗಡಿಬಿಡಿ ಇರಲಿ, ಚಾಚಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಡ್ರೈವರನ ಮುಖ ನೋಡಿ, "ಹೊಂಟಿಯೇನಪಾ?" ಎಂದು ಕೇಳಬೇಕು. ಅವನು "ಹೊಂಟೀನ್ರಿ" ಎಂದ ಮೇಲೆಯೇ ಬೆರಳು ಆ ಕೀಲಿಯ ಮೇಲೆ ಬೀಳಬೇಕು.

ಬಸವಣಪ್ಪನವರಿಗಂತೂ ಈ ಗುರುತಿನ ವಿದ್ಯೆ ತಲೆಗೇರಿತ್ತು. ಚಹಾದಂಗಡಿಯಲ್ಲಿ, ಪಂಕ್ಚರ್ ಅಂಗಡಿಯಲ್ಲಿ, ಸಿಕ್ಕವರಿಗೆಲ್ಲ ಅದೇ ವರ್ಣನೆ. ನಾನು ಇಷ್ಟು ವರ್ಷ ಮೂರ್ಖನ ಹಾಗೆ ಗುರುತಿಲ್ಲದೆ ಬದುಕಿದೆ ಎನ್ನುತ್ತಿದ್ದರು. ಭಾನುವಾರ ಹತ್ತಿರ ಬಂದಾಗ ಮನೀಷಾ ಅವರ ಮೇಜಿನ ಮುಂದೆ ನಿಂತು, ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ, ಹೇಳಲೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಹೇಳಿಯೇಬಿಟ್ಟಳು.

"ಕಾಕಾ, ಲಾರಿಗೆ ಗುರುತು ಹಾಕ್ದಂಗ ಆ ಮಾತಿಗೂ ಹಾಕಿದ್ರ ಹ್ಯಾಂಗ್ರಿ?"

ಯಾವ ಮಾತಿಗೆ ಎಂದು ಬಸವಣಪ್ಪನವರು ಕೇಳಲಿಲ್ಲ. ಅವರ ಕಿವಿ ನೆಟ್ಟಗಾಯಿತು. ಮದುವೆ ಮಾತಿಗೆ ಯಾವ ಕೀಲಿ ಒತ್ತಬೇಕು ಎಂದು ಮಾತ್ರ ಕೇಳಿದರು. ಮನೀಷಾ ಅದನ್ನೂ ಯೋಚಿಸಿದ್ದಳು. ಆ ಸೀಮೆಯಲ್ಲಿ ಮಾತು ಪಕ್ಕಾ ಆದರೆ ಸಾಖರಪುಡಾ, ಅಂದರೆ ಬೀಗರ ಕೈಗೆ ಸಕ್ಕರೆ ಪೊಟ್ಟಣ ಕೊಡುವ ಶಾಸ್ತ್ರ. ಅದಾದರೆ ಮುಗಿಯಿತು, ಆಮೇಲೆ ಕದಲಿಸುವವರಿಲ್ಲ. ಅದೇ ಕಮಿಟ್. ಅದಕ್ಕಿಂತ ಮುಂಚೆ ಒಂದೊಂದು ವಿಷಯ ಬಗೆಹರಿದ ಕೂಡಲೇ ಎಲ್ಲರೂ ಒಂದೊಂದು ಚೂರು ಬೆಲ್ಲ ತಿನ್ನಬೇಕು. ಜಗಳ ಬಂದರೆ ಹಿಂದಿನ ಯಾವುದಾದರೊಂದು ಬೆಲ್ಲದ ತನಕ ಮಾತ್ರ ಹೋಗಬೇಕು, ಅದಕ್ಕಿಂತ ಹಿಂದಿನದನ್ನು ಮುಟ್ಟುವಂತಿಲ್ಲ. ಬಸವಣಪ್ಪನವರು ಮೇಜು ಗುದ್ದಿ ನಕ್ಕರು. ಮನೀಷಾಳ ಹೆಸರು ಎಲ್ಲೂ ಎತ್ತುವುದಿಲ್ಲ ಎಂದು ಮಾತು ಕೊಟ್ಟರು. ಅದೊಂದನ್ನು ಅವರು ಉಳಿಸಿಕೊಂಡಿದ್ದು ದೊಡ್ಡದು, ಏಕೆಂದರೆ ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದೇ ಕಷ್ಟ.

ಭಾನುವಾರ ಬಂತು. ಕಲ್ಯಾಣದ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಒಂದು ಕಡೆ ಗುರುನಾಥರು, ಅವರ ಪಕ್ಕ ಗೋಡೆಗೆ ಒರಗಿ ಸುಂದರಬಾಯಿ. ಎದುರಿಗೆ ಬಸವಣಪ್ಪನವರು, ಕಸ್ತೂರಿಬಾಯಿ, ಚಾಪೆಯ ಕಡ್ಡಿ ಎಣಿಸಲು ಸತೀಶಕುಮಾರ. ಮನೀಷಾ ಅಡುಗೆಮನೆಯ ಪರದೆಯ ಹಿಂದೆ ಜೀವ ಅಂಗೈಯಲ್ಲಿ ಹಿಡಿದು ನಿಂತಿದ್ದಳು. ಬಸವಣಪ್ಪನವರು ಬೆಲ್ಲದ ಮಾತು ತೆಗೆದಾಗ ಗುರುನಾಥರು ಹುಬ್ಬು ಗಂಟಿಕ್ಕಿದರು. ಇದೇನು ಹೊಸ ನಾಟಕ ಎಂದರು. ಬಸವಣಪ್ಪನವರು ಲಾರಿ, ಗಿರಣಿ ಕಲ್ಲು, ಚಾಚಾನ ಕನ್ನಡಕ ಎಲ್ಲ ಹೇಳಿ ಬಿಡಿಸಿದರು. ಅಂಗಡಿ ನಡೆಸಿದ ಮನುಷ್ಯ, ಗುರುನಾಥರಿಗೆ ಅದರಲ್ಲಿ ಏನೋ ಹಿಡಿಸಿತು. ಅಷ್ಟರಲ್ಲಿ ಸುಂದರಬಾಯಿ ಮಗನ ಅನುಮತಿಗೆ ಕಾಯದೆ ಒಂದು ಬಟ್ಟಲು ತುಂಬ ಬೆಲ್ಲ ಕುಟ್ಟಿ ತರಿಸಿ ನಡುವೆ ಇಟ್ಟುಬಿಟ್ಟಿದ್ದರು. ಮೊಮ್ಮಗಳಿಗೂ ಅಜ್ಜಿಗೂ ಮೊದಲೇ ಒಳಮಾತಾಗಿತ್ತು ಎಂದು ನಾನು ಹೇಳಬೇಕಿಲ್ಲ.

ಮದುವೆ ಎಲ್ಲಿ ಎಂಬುದು ಮೊದಲ ವಿಷಯ. ಕಲ್ಯಾಣದಲ್ಲೇ ಎಂದಾಯಿತು. ಎಲ್ಲರೂ ಬೆಲ್ಲ ಬಾಯಿಗೆ ಹಾಕಿಕೊಂಡರು. ಊಟಕ್ಕೆ ಏನು ಎಂಬುದು ಎರಡನೆಯದು. ಕಸ್ತೂರಿಬಾಯಿಗೆ ಬೂಂದಿ ಆಗಬೇಕು, ಗುರುನಾಥರಿಗೆ ಗೋಧಿ ಹುಗ್ಗಿಯೇ ಆಗಬೇಕು. ಸ್ವಲ್ಪ ಬಿಸಿ ಏರಿ, ಇಳಿದು, ಹುಗ್ಗಿ ಗೆದ್ದಿತು. ಮತ್ತೆ ಬೆಲ್ಲ. ಬ್ಯಾಂಡು ಹುಮನಾಬಾದಿನದು ಎಂದಾಯಿತು, ಪತ್ರಿಕೆಯಲ್ಲಿ ಎಲ್ಲರ ಹೆಸರೂ ಒಂದೇ ಅಳತೆಯಲ್ಲಿ ಎಂದಾಯಿತು. ಹಿಂದೆ ಎರಡು ಸಲ ಮುಗ್ಗರಿಸಿದ ಜಾಗ ದಾಟಿದ್ದಕ್ಕೆ ಎಲ್ಲರಿಗೂ ಹುರುಪು ಬಂದು ಬೆಲ್ಲ ಎರಡೆರಡು ಚೂರು ಹೋಯಿತು. ಆಮೇಲೆ ಗುರುನಾಥರು ಸ್ವಲ್ಪ ಕೆಮ್ಮಿ, ಮಗಳು ಮದುವೆಯಾದ ಮೇಲೂ ಆಫೀಸಿನ ಕೆಲಸ ಬಿಡಬಾರದು ಎಂಬುದು ತಮ್ಮ ಆಸೆ ಎಂದರು. ಪರದೆಯ ಹಿಂದೆ ಮನೀಷಾಳಿಗೆ ಕಣ್ಣು ತುಂಬಿತು. ಅಪ್ಪನಿಗೆ ಈ ಆಸೆ ಇದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಕಸ್ತೂರಿಬಾಯಿ ಸೊಸೆ ಮನೆಯಲ್ಲಿರಲಿ ಎಂಬ ಮನಸ್ಸಿನವರು. ಬಹಳ ಹೊತ್ತು ಸೆರಗಿನ ಅಂಚು ಮಡಚಿ ಬಿಚ್ಚಿ ಮಾಡಿ, ತಮ್ಮನ ಮುಖ ನೋಡಿ, ಆಗಲಿ ಎಂದರು. ಆ ಬೆಲ್ಲದ ಚೂರು ತಿನ್ನಲು ಮಾತ್ರ ಅವರು ಸ್ವಲ್ಪ ತಡ ಮಾಡಿದರು.

ಎಲ್ಲ ಸರಾಗ ನಡೆಯುತ್ತಿತ್ತು. ಬಸವಣಪ್ಪನವರು ಸುಮ್ಮನಿರಬೇಕಿತ್ತು. ಆದರೆ ಆ ವರ್ಷ ಅವರು ಜನ್ಮದಲ್ಲಿ ಮೊದಲ ಸಲ ಹೊಸ ಲಾರಿ ಕೊಂಡಿದ್ದರು. ಅಲ್ಲಿಯ ತನಕ ಓಡಿಸಿದ್ದೆಲ್ಲ ಬೇರೆಯವರು ಬಿಟ್ಟ ಗಾಡಿಗಳು. ಹೊಸ ಲಾರಿ ಬಣ್ಣ ಹಚ್ಚಿಸಿಕೊಂಡು, ಹಣೆಗೆ ಗೊಂಡೆ ಕಟ್ಟಿಸಿಕೊಂಡು, ಮೊದಲ ಟ್ರಿಪ್ಪಿಗೆ ಕಾದು ನಿಂತಿತ್ತು. ಅದರ ಮೊದಲ ಟ್ರಿಪ್ಪಿನಲ್ಲಿ ಹೂವಿನಿಂದ ಸಿಂಗರಿಸಿ ಮದುಮಗಳನ್ನೇ ಕರೆದುಕೊಂಡು ಹೋಗಬೇಕು ಎಂಬುದು ಅವರ ಕನಸು. ಆ ಕನಸನ್ನು ಅವರು ಅಲ್ಲೇ, ಬೆಲ್ಲ ತಿಂದ ಬಾಯಿಯಲ್ಲೇ ಬಿಚ್ಚಿಟ್ಟರು.

ಗುರುನಾಥರ ಮುಖ ತಾಮ್ರದ ಹಂಡೆಯ ಹಾಗೆ ಕೆಂಪಾಯಿತು.

"ನನ್ನ ಮಗಳೇನು ಪಾರ್ಸೆಲ್ಲೇನ್ರಿ?" ಎಂದು ಎದ್ದು ನಿಂತರು.

ಬಸವಣಪ್ಪನವರಿಗೂ ನೋವಾಯಿತು. ತಮ್ಮ ಲಾರಿಯನ್ನು ಪಾರ್ಸೆಲ್ ಗಾಡಿ ಎಂದದ್ದು ಅವರಿಗೆ ಮಗನನ್ನು ಬೈದ ಹಾಗಾಗಿತ್ತು. ಅವರೂ ಎದ್ದು ನಿಂತರು. ಲಾರಿ ಎಂದರೆ ಏನು ಕಡಿಮೆ, ಲಾರಿಯಿಂದಲೇ ನಾವು ಉಂಡಿದ್ದೇವೆ ಎಂದರು. ಹುಡುಗಿ ಟಾರ್ಪಾಲಿನ ಕೆಳಗೆ ಕೂತು ಹೋಗಬೇಕೇನು ಎಂದು ಇವರು. ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂರುತ್ತಾಳೆ ಎಂದು ಅವರು. ಕಸ್ತೂರಿಬಾಯಿ ಆಗಲೇ ಚಪ್ಪಲಿ ಎಲ್ಲಿವೆ ಎಂದು ಬಾಗಿಲ ಕಡೆ ನೋಡುತ್ತಿದ್ದರು. ಮನೀಷಾ ಪರದೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಲಾತೂರಿನ ಸಿಮೆಂಟ್ ಚೀಲಗಳು ಅವಳ ಎದೆಯ ಮೇಲೆ ಬಂದು ಕೂತ ಹಾಗಾಯಿತು. ಗುರುನಾಥರು ಬಾಯಿ ತೆರೆದರು. ಮುಂದೆ ಬರುವ ಮಾತು ಯಾವುದೆಂದು ಮನೆಯ ಬೆಕ್ಕಿಗೂ ಗೊತ್ತಿತ್ತು.

"ಎಲ್ಲಾ..." ಎಂದರು. ಎಂದವರು ಬಟ್ಟಲು ನೋಡಿದರು.

"ರದ್ದು ಅನ್ನಂಗಿಲ್ಲ ಗುರಣ್ಣಾ," ಎಂದರು ಸುಂದರಬಾಯಿ, ಗೋಡೆ ಬಿಟ್ಟು ಕದಲದೆ. "ಬೆಲ್ಲ ತಿಂದೀದಿ."

ಗುರುನಾಥರು ಹಲ್ಲು ಕಡಿದರು. ಆಯಿತು, ನಿಯಮ ಎಂದರೆ ನಿಯಮ, ರದ್ದು ಎನ್ನುವುದಿಲ್ಲ, ಗುರುತಿಗೇ ಹೋಗೋಣ ಎಂದರು. ಆದರೆ ಕೊನೆಯ ಗುರುತಿಗಲ್ಲ, ಮೊದಲ ಗುರುತಿಗೆ. ಮದುವೆ ಕಲ್ಯಾಣದಲ್ಲಿ ಎಂಬುದೊಂದು ಇರಲಿ, ಉಳಿದದ್ದೆಲ್ಲ ಮತ್ತೆ ನೋಡೋಣ, ಇವರಿಗೆ ಯಾವುದರಲ್ಲೂ ಸಡಿಲ ಬಿಡಬಾರದಿತ್ತು ಎಂದರು. ಸಿಟ್ಟಿನಲ್ಲಿದ್ದವರಿಗೆ ಸ್ವಲ್ಪವಾದರೂ ಕೆಡವಬೇಕಲ್ಲ, ಇಲ್ಲದಿದ್ದರೆ ಸಿಟ್ಟಿಗೆ ಮರ್ಯಾದೆ ಇರುವುದಿಲ್ಲ.

ಬಸವಣಪ್ಪನವರು ಮತ್ತೆ ಚಾಪೆಯ ಮೇಲೆ ಕೂತರು. ಸಿಟ್ಟು ಅವರಿಗೂ ಇತ್ತು, ಆದರೆ ಆಫೀಸಿನ ಪಾಠ ಅದಕ್ಕಿಂತ ಜೋರಾಗಿ ನೆನಪಿಗೆ ಬಂತು.

"ಹೋಗೋಣ್ರಿ. ಆದ್ರ ಹಳೀ ಗುರುತಿಗೆ ಹೋದ್ರ ಆಮ್ಯಾಲಿನ ಗುರುತು ಒಂದೂ ಉಳಿಯಂಗಿಲ್ಲ. ಹುಗ್ಗಿ ಹೋಗ್ತದ. ಮನೀಷಾನ ಕೆಲಸದ ಮಾತೂ ಹೋಗ್ತದ."

"ಕೆಲಸದ ಮಾತೂನಾ?" ಎಂದರು ಗುರುನಾಥರು.

"ಅದೂನು."

ಕಸ್ತೂರಿಬಾಯಿ ಬಾಗಿಲ ಕಡೆಯಿಂದ ತಿರುಗಿ ಕೂತರು. ಅವರ ಮುಖದಲ್ಲಿ ಸಣ್ಣ ಆಸೆಯೊಂದು ಕಾಣಿಸಿಕೊಂಡಿತು. ಗುರುನಾಥರು ಅದನ್ನು ನೋಡಿದರು. ಆಮೇಲೆ ಪರದೆಯ ಕಡೆ ನೋಡಿದರು. ಪರದೆಯ ಕೆಳಗೆ ಮಗಳ ಪಾದಗಳು ಕಾಣುತ್ತಿದ್ದವು, ಬಸ್ಸಿಗೆ ಓಡಿ ಓಡಿ ಹಿಮ್ಮಡಿ ಒಡೆದ ಪಾದಗಳು. ಅವಳ ಮೊದಲ ಸಂಬಳದ ದಿನ ಅಪ್ಪನಿಗೆಂದು ಮಾಣಿಕನಗರದಿಂದ ಪೇಢೆ ತಂದದ್ದು ಅವರಿಗೆ ನೆನಪಾಯಿತೇನೋ. ಅವರು ನಿಧಾನವಾಗಿ ಕೂತರು. ಕೂತು, ಕೊನೆಯ ಗುರುತಿಗೇ ಹೋಗೋಣ, ಲಾರಿಯ ಮಾತು ಒಂದನ್ನೇ ಮತ್ತೆ ಆಡೋಣ ಎಂದರು. ಕಸ್ತೂರಿಬಾಯಿ ನಿಟ್ಟುಸಿರು ಬಿಟ್ಟರು. ಮನೀಷಾ ಮುಷ್ಟಿ ಸಡಿಲಿಸಿದಾಗ ಪರದೆ ಮುದುಡಿ ಹೋಗಿತ್ತು.

ಲಾರಿಯ ಮಾತನ್ನು ಬಿಡಿಸಿದವರು ಸುಂದರಬಾಯಿ. ಮದುಮಗಳು ಜೀಪಿನಲ್ಲಿ ಹೋಗಲಿ, ಹೊಸ ಲಾರಿಯಲ್ಲಿ ಅವಳ ಪಾತ್ರೆ ಸಾಮಾನು ಹೋಗಲಿ, ಮುಂದಿನ ಸೀಟಿನಲ್ಲಿ ನಾನು ಹೂವಿನ ಹಾರ ಹಾಕಿಕೊಂಡು ಕೂರುತ್ತೇನೆ, ನನಗೆ ಹುಟ್ಟಿದಾಗಿನಿಂದ ಲಾರಿ ಹತ್ತುವ ಆಸೆ ಎಂದರು. ಬಸವಣಪ್ಪನವರು ಮೊದಲು ಕಣ್ಣರಳಿಸಿದರು, ಆಮೇಲೆ ಕೈಮುಗಿದರು. ಗುರುನಾಥರಿಗೂ ನಗು ತಡೆಯಲಾಗಲಿಲ್ಲ. ಪಡಸಾಲೆ ತುಂಬ ನಗು ಹರಡಿ, ಬಟ್ಟಲಲ್ಲಿ ಉಳಿದಿದ್ದ ಬೆಲ್ಲವೂ ಖಾಲಿಯಾಯಿತು.

ಅಲ್ಲಿಗೆ ಮಾತಾಡಲು ಏನೂ ಉಳಿದಿರಲಿಲ್ಲ. ಬಸವಣಪ್ಪನವರು ಖುಷಿಯಲ್ಲಿ ಟೊಪ್ಪಿಗೆ ಹಾಕಿಕೊಂಡು ಎದ್ದೇಬಿಟ್ಟರು. ಕಸ್ತೂರಿಬಾಯಿಯೂ ಎದ್ದರು. ಗುರುನಾಥರು ಅವರನ್ನು ಕಳಿಸಲು ಬಾಗಿಲ ತನಕ ಬರುತ್ತ, ಸಾಖರಪುಡಾ ಮುಂದೆ ಒಂದು ಒಳ್ಳೆಯ ದಿನ ನೋಡಿ ಮಾಡಿದರಾಯಿತು, ಲಾತೂರಿನವರಿಗೂ ಒಂದು ಮಾತು ತಿಳಿಸಬೇಕಲ್ಲ ಎಂದರು. ಎಲ್ಲರೂ ಆಗಲಿ ಆಗಲಿ ಎನ್ನುತ್ತ ಚಪ್ಪಲಿಗೆ ಕಾಲು ಹಾಕತೊಡಗಿದರು.

ತೊಳೆದಿಟ್ಟ ತಾಟಿನ ಹಾಗಿದ್ದ ಆ ಕಂಪ್ಯೂಟರಿನ ಪರದೆ ಮನೀಷಾಳ ಕಣ್ಣ ಮುಂದೆ ಬಂತು. ನಾಳೆ ಅಂಗಡಿಗೆ ಯಾರೋ ಬರುತ್ತಾರೆ, ಲಾರಿಯವರ ಮನೆಗೆ ಕೊಡುತ್ತೀರಂತೆ ಎನ್ನುತ್ತಾರೆ, ಅಪ್ಪ ರದ್ದು ಎನ್ನುತ್ತಾನೆ. ತಿಂದ ಬೆಲ್ಲದ ಗುರುತು ಆಗ ಯಾರ ಹೊಟ್ಟೆಯಲ್ಲಿ ಹುಡುಕುವುದು? ಮಾತುಕತೆ ನಡೆಯುವಾಗ ಹುಡುಗಿ ಚಹಾ ಕೊಡಲು ಬಿಟ್ಟರೆ ಹೊರಗೆ ಬರುವ ಪದ್ಧತಿ ಅವರಲ್ಲಿ ಇರಲಿಲ್ಲ. ಮನೀಷಾ ಪದ್ಧತಿಯ ಚಿಂತೆ ಬಿಟ್ಟಳು. ಅಜ್ಜಿ ಬೆಳಿಗ್ಗೆಯೇ ಅರಿಶಿನ ಹಚ್ಚಿದ ಕಾಗದದಲ್ಲಿ ಕಟ್ಟಿ ಗೂಡಿನಲ್ಲಿಟ್ಟಿದ್ದ ಸಕ್ಕರೆ ಪೊಟ್ಟಣ ತೆಗೆದುಕೊಂಡು, ಪರದೆ ಸರಿಸಿ, ಪಡಸಾಲೆಯ ನಡುವೆ ಬಂದು ನಿಂತಳು.

"ಕಾಕಾ, ಕೂಡ್ರಿ. ಕೊನೀ ಕೀಲಿ ಒತ್ತಿಲ್ಲ."

ಬಸವಣಪ್ಪನವರು ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ನೆಲದಲ್ಲಿ, ಹಾಗೇ ನಿಂತರು. ಆಮೇಲೆ ಹಣೆ ಚಚ್ಚಿಕೊಂಡು ಮರಳಿ ಬಂದು ಚಾಪೆಯ ಮೇಲೆ ಕೂತರು. ಊರಿಗೆಲ್ಲ ಪಾಠ ಹೇಳಿದವರೇ ಇಲ್ಲಿ ಎಡವಿದ್ದರು. ಚಾಚಾ ನಮಾಜಿಗೆ ಹೋದದ್ದು, ಕರೆಂಟ್ ಹೋದದ್ದು, ಬೆಳಗಿನ ಕೆಲಸವೆಲ್ಲ ಅಳಿಸಿಹೋದದ್ದು ಎಲ್ಲವನ್ನೂ ಗುರುನಾಥರಿಗೆ ಹೇಳಿದರು. ಬೆಲ್ಲ ಬರೀ ಗುರುತು, ಎದ್ದು ಹೋದರೆ ಒಂದೂ ಉಳಿಯುವುದಿಲ್ಲ, ಸಕ್ಕರೆ ಕೈ ಬದಲಾದರೆ ಮಾತ್ರ ಖಾಯಂ ಎಂದರು.

ಗುರುನಾಥರು ಪೊಟ್ಟಣ ನೋಡಿದರು, ಅದನ್ನು ಹಿಡಿದ ಕೈ ನೋಡಿದರು. ಈ ಗುರುತಿನ ವಿದ್ಯೆ ಬಸವಣಪ್ಪನವರಿಗೆ ಎಲ್ಲಿಂದ ಬಂತು ಎಂಬುದು ಅವರಿಗೆ ಈಗ ಹೊಳೆದಿರಬೇಕು. ಸ್ವಲ್ಪ ಹೊತ್ತು ಮೀಸೆ ನೀವಿಕೊಂಡು, ಆ ಕೊನೆಯ ಕೀಲಿ ಒತ್ತುವ ಮೊದಲು ನಿಮ್ಮಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು.

"ಡ್ರೈವರಿಗೆ ಕೇಳ್ತೀವ್ರಿ," ಎಂದರು ಬಸವಣಪ್ಪನವರು. "ಹೋಗಾಂವ ಅಂವ ಅಲ್ಲ?"

ಹೇಳಿದವರು ಅಲ್ಲೇ ತಡೆದರು. ಮೂರು ಸಲ ಕೂತಿದ್ದರು. ಊರಿನ ಬಗ್ಗೆ ಕೇಳಿದ್ದರು, ಹುಗ್ಗಿಯ ಬಗ್ಗೆ ಕೇಳಿದ್ದರು, ಬ್ಯಾಂಡಿನ ಬಗ್ಗೆ, ಅಕ್ಷರದ ದಪ್ಪದ ಬಗ್ಗೆ, ಲಾರಿಯ ಬಗ್ಗೆ ಜಗಳಾಡಿದ್ದರು. ಹೋಗುವವಳು ಪರದೆಯ ಹಿಂದೆಯೇ ನಿಂತಿದ್ದಳು. ಗುರುನಾಥರ ಮುಖದಿಂದ ಸಿಟ್ಟು, ಹಟ, ಹಿರಿತನ ಎಲ್ಲ ಒಂದೊಂದಾಗಿ ಇಳಿದುಹೋದವು. ನಾಚಿಕೆಯೂ ಪ್ರೀತಿಯೂ ಒಟ್ಟಿಗೇ ಬಂದರೆ ಗಂಡಸಿನ ಮುಖ ಹೇಗಾಗುತ್ತದೋ ಹಾಗಾಯಿತು. ಅವರು ಮಗಳನ್ನು ಹತ್ತಿರ ಕರೆದು, ಎಂದೂ ಇಲ್ಲದ ಮೆಲುದನಿಯಲ್ಲಿ ಕೇಳಿದರು.

"ಹೊಂಟಿಯೇನವ್ವಾ?"

ಎಷ್ಟೋ ತಿಂಗಳಿಂದ ಮನೀಷಾ ಈ ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಹೇಳಿಕೊಂಡಿದ್ದಳು, ಬಸ್ಸಿನಲ್ಲಿ, ರೊಟ್ಟಿ ತಟ್ಟುವಾಗ, ಪ್ರಿಂಟರಿನ ಸದ್ದಿನ ನಡುವೆ. ಈಗ ನೋಡಿದರೆ ಅಳುವೂ ಬಂತು, ನಗುವೂ ಬಂತು.

"ಹೊಂಟೀನ್ರಿ ಅಪ್ಪಾ."

ಮೂರು ಬೈಠಕ್ಕುಗಳಲ್ಲಿ ಮೊದಲ ಸಲ ಸತೀಶಕುಮಾರ ಚಾಪೆಯಿಂದ ತಲೆ ಎತ್ತಿದ. ಸುಂದರಬಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಇಷ್ಟೊಂದು ಬೆಲ್ಲ ದಂಡ ಮಾಡುವ ಬದಲು ಮೊದಲೇ ಇವಳನ್ನು ಕೇಳಬಾರದಿತ್ತೇ ಎಂದು ಗೊಣಗಿದರು. ಗುರುನಾಥರು ಮಗಳ ಕೈಯಿಂದ ಪೊಟ್ಟಣ ತೆಗೆದುಕೊಂಡು, ಎರಡೂ ಕೈಯಿಂದ ಅದನ್ನು ಬಸವಣಪ್ಪನವರ ಬೊಗಸೆಯಲ್ಲಿ ಇಟ್ಟರು. ಹಿಂದಿನ ಎರಡು ಸಲವೂ ಅವರ ಬಾಯಿಂದ ಬಾರದಿದ್ದ ಮಾತು ಆಗ ಬಂತು.

"ತಗೋರಿ ಬೀಗರ," ಎಂದರು. "ಇನ್ನ ರದ್ದಿಲ್ಲ."